ಉಯ್ಯಾಲೆಯ ಸದ್ದು, ಮೋಡದ ಬೆಳಕು: ರಾಮನಗರದ ಬಂಡೆಗಳ ನಡುವೆ ಭಯದ ಭೌತವಿಜ್ಞಾನ

ನಮ್ಮ ಕಾಲೇಜಿನ ಅಂತಿಮ ಬಿ.ಎಸ್ಸಿ. ತರಗತಿಯ ನಾಲ್ವರು ವಿದ್ಯಾರ್ಥಿಗಳು ವಿಜ್ಞಾನ ದಿನಾಚರಣೆಗೆಂದು ಹತ್ತು ನಿಮಿಷದ ಒಂದು ಪತ್ತೇದಾರಿ ಕಿರುಚಿತ್ರ ತೆಗೆದಿದ್ದರು. ಮುಚ್ಚಿಹೋದ ರೇಷ್ಮೆ ರೀಲಿಂಗ್ ಶೆಡ್ಡಿನಲ್ಲಿ ರಾತ್ರಿ ನಡೆಯುವ ಕೊಲೆಯ ಕಥೆ. ಚಿತ್ರದುದ್ದಕ್ಕೂ ಕತ್ತಲೆ. ಮೊದಲ ಕ್ಷಣದಿಂದ ಕೊನೆಯವರೆಗೂ ಎದೆಗೆ ಗುದ್ದುವಂಥ ‘ಗೂಂ’ ಎಂಬ ಹಿನ್ನೆಲೆ ಸದ್ದು. ಕೊಲೆಗಾರನ ಕೈ ನಾಯಕನ ಹೆಗಲ ಮೇಲೆ ಬಿದ್ದಾಗ ಸಭಾಂಗಣದಲ್ಲಿ ಎದ್ದದ್ದು ಚೀತ್ಕಾರವಲ್ಲ, ನಗು.

ಪ್ರದರ್ಶನ ಮುಗಿದ ಮೇಲೆ ತಂಡದ ಹುಡುಗನೊಬ್ಬ ಸಪ್ಪೆ ಮುಖ ಮಾಡಿಕೊಂಡು ಬಂದ. “ಸರ್, 19 ಹರ್ಟ್ಸ್ ಸದ್ದು ಬೇರೆ ಸೇರಿಸಿದ್ವಿ. ಕಿವಿಗೆ ಕೇಳಿಸಲ್ಲ, ಆದ್ರೆ ಮನುಷ್ಯನಿಗೆ ಭಯ ಹುಟ್ಟಿಸುತ್ತೆ ಅಂತ ಇಂಟರ್‌ನೆಟ್‌ನಲ್ಲಿ ಓದಿದ್ವಿ. ಆದ್ರೂ ಯಾರೂ ಹೆದರ್ಲಿಲ್ಲ” ಎಂದ. “ನಿಮ್ಮೂರ ಪಕ್ಕದ ಬೆಟ್ಟದಲ್ಲೇ ಐವತ್ತು ವರ್ಷದ ಹಿಂದೆ ಇದಕ್ಕೆ ಉತ್ತರ ಬರೆದಿಟ್ಟಿದ್ದಾರಲ್ಲಪ್ಪ, ಅದನ್ನು ನೋಡಿದ್ದೀರಾ?” ಎಂದು ಕೇಳಿದೆ. ‘ಶೋಲೆ’ಯ ಹೆಸರು ಎಲ್ಲರಿಗೂ ಗೊತ್ತಿತ್ತು. ಗಮನವಿಟ್ಟು ನೋಡಿದವರು, ಅದಕ್ಕಿಂತ ಮುಖ್ಯವಾಗಿ ಗಮನವಿಟ್ಟು ಕೇಳಿದವರು ಯಾರೂ ಇರಲಿಲ್ಲ. ಅವರಿಗೆ ಅಂದು ಹೇಳಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಬಂಡೆಗಳ ನಾಡಿಗೆ ಬಂದ ಕ್ಯಾಮೆರಾ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಈ ಸೀಮೆಯ ಬೋಳು ಬೆಟ್ಟಗಳದ್ದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಶಿಲೆ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ.

ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ಯ ಚಿತ್ರೀಕರಣ ಇಲ್ಲಿ ಆರಂಭವಾದದ್ದು 1973ರ ಅಕ್ಟೋಬರ್‌ನಲ್ಲಿ. ಛಾಯಾಗ್ರಾಹಕ ದ್ವಾರಕಾ ದಿವೇಚ, ಸಂಗೀತ ಆರ್.ಡಿ. ಬರ್ಮನ್, ಸಂಕಲನ ಎಂ.ಎಸ್. ಶಿಂಧೆ. ಕಲಾ ನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ಬುಡದಲ್ಲಿ ‘ರಾಮಗಢ’ ಎಂಬ ಇಡೀ ಊರನ್ನೇ ಕಟ್ಟಿದರು. ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ರಂದು. 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರಿಸಿ 70 ಮಿ.ಮೀ.ಗೆ ಹಿಗ್ಗಿಸಿದ ಅಗಲ ಪರದೆ, ಸ್ಟೀರಿಯೊ ಧ್ವನಿ ಅದರ ವಿಶೇಷ. ಟಾಸ್ ಹಾಕಿದ ನಾಣ್ಯ ಬಿದ್ದ ಸದ್ದಿಗೆ ಪ್ರೇಕ್ಷಕರು ತಮ್ಮ ಕುರ್ಚಿಯ ಕೆಳಗೆ ಹುಡುಕುತ್ತಿದ್ದರು ಎಂದು ಹೇಳುವುದುಂಟು.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಬಾಲ್ಯದಲ್ಲಿ, ಚನ್ನಪಟ್ಟಣದ ಬಳಿಯ ಒಂದು ಟೂರಿಂಗ್ ಟಾಕೀಸಿನಲ್ಲಿ. ಅಲ್ಲಿ ಸ್ಟೀರಿಯೊ ಎಲ್ಲಿಂದ ಬರಬೇಕು? ಪರದೆಯ ಹಿಂದೆ ಒಂದೇ ಸ್ಪೀಕರು, ಡೇರೆಯ ಹೊರಗೆ ಜನರೇಟರಿನ ಗುಡುಗುಡು. ಆದರೂ ಠಾಕೂರರ ಮನೆಯಂಗಳದ ದೃಶ್ಯ ಬಂದಾಗ ಮರಳಿನ ಮೇಲೆ ಕುಳಿತಿದ್ದ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ದುಬಾರಿ ಸಲಕರಣೆ ಇಲ್ಲದೆಯೂ ಆ ಬಿಗುವು ನಮ್ಮವರೆಗೆ ತಲುಪಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಭೌತವಿಜ್ಞಾನದಲ್ಲಿದೆ ಎಂಬುದು ನನ್ನ ವಾದ. ನಮ್ಮ ಕಣ್ಣು, ಕಿವಿಗಳು ಪ್ರಮಾಣವನ್ನು ಅಳೆಯುವುದಕ್ಕಿಂತ ವ್ಯತ್ಯಾಸವನ್ನು ಅಳೆಯುತ್ತವೆ. ಇದನ್ನು ತಿಳಿದು ಸದ್ದನ್ನೂ ಬೆಳಕನ್ನೂ ಜಿಪುಣತನದಿಂದ ಖರ್ಚು ಮಾಡಿದ ಚಿತ್ರ ಹೆದರಿಸುತ್ತದೆ. ಎರಡನ್ನೂ ಸುರಿಯುವ ಚಿತ್ರ ದಣಿಸುತ್ತದೆ, ಅಷ್ಟೆ.

ಮೌನವಿಲ್ಲದೆ ಸದ್ದಿಲ್ಲ

ಒಂದು ಸರಳ ಲೆಕ್ಕ ಮಾಡೋಣ. ನಿಶ್ಶಬ್ದವಾದ ಕೋಣೆಯ ಹಿನ್ನೆಲೆ ಸದ್ದು ಸುಮಾರು 30 ಡೆಸಿಬೆಲ್. ಅಲ್ಲಿ 50 ಡೆಸಿಬೆಲ್‌ನ ಒಂದು ಕಿರುಸದ್ದು ಹೊಮ್ಮಿದರೆ, ವ್ಯತ್ಯಾಸ 20 ಡೆಸಿಬೆಲ್; ಎಂದರೆ ಹಿನ್ನೆಲೆಗಿಂತ 100 ಪಟ್ಟು ಹೆಚ್ಚಿನ ತೀವ್ರತೆ. ಕಿವಿ ಥಟ್ಟನೆ ನಿಮಿರುತ್ತದೆ. ಈಗ ಹಿನ್ನೆಲೆಯಲ್ಲಿ 80 ಡೆಸಿಬೆಲ್‌ನ ಅಬ್ಬರದ ಸಂಗೀತವಿದೆ ಎಂದುಕೊಳ್ಳಿ. ಅದೇ 100 ಪಟ್ಟಿನ ವ್ಯತ್ಯಾಸ ಬೇಕಾದರೆ ಹೊಸ ಸದ್ದು 100 ಡೆಸಿಬೆಲ್ ಇರಬೇಕು. ಮೊದಲಿನ ಕಿರುಸದ್ದಿಗೆ ಹೋಲಿಸಿದರೆ ಇದರ ತೀವ್ರತೆ ಒಂದು ಲಕ್ಷ ಪಟ್ಟು! ಒಂದೇ ಪರಿಣಾಮಕ್ಕೆ ಲಕ್ಷ ಪಟ್ಟು ಖರ್ಚು. ಸಾಲದೆಂಬಂತೆ, ಜೋರಾದ ಸದ್ದು ಮುಂದುವರಿದಾಗ ನಡುಗಿವಿಯ ಪುಟ್ಟ ಸ್ನಾಯು ಬಿಗಿದುಕೊಂಡು ಒಳಗೆ ಹೋಗುವ ಶಬ್ದವನ್ನು ತಗ್ಗಿಸುತ್ತದೆ. ನಮ್ಮ ವಿದ್ಯಾರ್ಥಿಗಳ ಚಿತ್ರದಲ್ಲಿ ಆದದ್ದು ಇದೇ. ಹತ್ತು ನಿಮಿಷ ಗುದ್ದಿದ ‘ಗೂಂ’ ಸದ್ದು ಕಿವಿಯ ಬಾಗಿಲನ್ನು ಮೊದಲೇ ಮುಚ್ಚಿಸಿತ್ತು.

ಈಗ ಠಾಕೂರರ ಅಂಗಳಕ್ಕೆ ಬನ್ನಿ. ಗಬ್ಬರ್ ಸಿಂಗ್ ಆ ಕುಟುಂಬವನ್ನು ಕೊಲ್ಲುವ ದೃಶ್ಯದಲ್ಲಿ ನಮ್ಮನ್ನು ಕಾಡುವುದು ಬಂದೂಕಿನ ಸದ್ದಲ್ಲ, ಉಯ್ಯಾಲೆಯ ಕಿರುಗುಟ್ಟುವಿಕೆ. ಗಾಳಿಯ ಸುಯ್ಲಿನ ನಡುವೆ ಅದು ಮತ್ತೆ ಮತ್ತೆ ಕೇಳಿಸುತ್ತದೆ. ಈ ಸದ್ದಿನ ಆಯ್ಕೆಯಲ್ಲಿ ಮೂರು ಜಾಣತನಗಳಿವೆ.

ಮೊದಲನೆಯದು ಅದರ ಆವೃತ್ತಿ. ತುಕ್ಕು ಹಿಡಿದ ಕೊಂಡಿ ತಿರುಗುವಾಗ ಲೋಹ ಲೋಹಕ್ಕೆ ಒಂದು ಕ್ಷಣ ಅಂಟಿಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟುತ್ತದೆ. ಸ್ಥಿತ ಘರ್ಷಣೆ ಜಾರು ಘರ್ಷಣೆಗಿಂತ ಹೆಚ್ಚಾಗಿರುವುದರಿಂದ ಈ ಅಂಟು-ಜಾರಾಟ ನಡೆಯುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಕೀಲಿನ ಕಿರುಗುಟ್ಟುವಿಕೆಯಲ್ಲಿ ಸಾವಿರಾರು ಹರ್ಟ್ಸ್‌ಗಳ ಅಂಶಗಳು ಸಾಕಷ್ಟಿರುತ್ತವೆ. ನಮ್ಮ ಹೊರಗಿವಿಯ ನಾಳದ ಉದ್ದ ಸುಮಾರು 2.5 ಸೆಂ.ಮೀ.; ಒಂದು ತುದಿ ಮುಚ್ಚಿದ ನಳಿಕೆಯಂತೆ ಅದು ವರ್ತಿಸುತ್ತದೆ. ಅದರ ಅನುನಾದ ಆವೃತ್ತಿ ಶಬ್ದದ ವೇಗವನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿದಷ್ಟು: 340 ÷ 0.1 = 3400 ಹರ್ಟ್ಸ್. ಕಿವಿ ಅತ್ಯಂತ ಚುರುಕಾಗಿರುವುದು ಇದರ ಆಸುಪಾಸಿನಲ್ಲೇ. ಹಸುಗೂಸಿನ ಅಳು ಚುಚ್ಚುವುದೂ ಇದೇ ವಲಯದಲ್ಲಿ. ಡೇರೆಯ ಒಡಕಲು ಸ್ಪೀಕರೂ ಇಂದಿನ ಮೊಬೈಲಿನ ಪುಟ್ಟ ಸ್ಪೀಕರೂ ಈ ಆವೃತ್ತಿಗಳನ್ನು ಚೆನ್ನಾಗಿಯೇ ನುಡಿಸುತ್ತವೆ. ಜನರೇಟರಿನ ಮಂದ್ರದ ಗುಡುಗುಡು ಅದನ್ನು ಮುಚ್ಚಿಹಾಕಲಾರದು.

ಎರಡನೆಯದು ಕಾಲ. ಉಯ್ಯಾಲೆಯೂ ಒಂದು ಲೋಲಕವೇ. ಅದರ ಸರಪಳಿ 2 ಮೀಟರ್ ಎಂದಿಟ್ಟುಕೊಂಡರೆ ಆವರ್ತ ಕಾಲ ಸುಮಾರು 2.8 ಸೆಕೆಂಡು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಿರುಗುಟ್ಟಿದರೆ 1.4 ಸೆಕೆಂಡಿಗೊಂದು ಸದ್ದು. ಶಾಂತ ಮನುಷ್ಯನ ಎದೆಬಡಿತ ನಿಮಿಷಕ್ಕೆ 70, ಎಂದರೆ 0.86 ಸೆಕೆಂಡಿಗೊಂದು. ಹೆದರಿದಾಗ ಇನ್ನೂ ಬೇಗ. ಎದೆ ಓಡುತ್ತಿರುವಾಗ ಉಯ್ಯಾಲೆ ಅವಸರವಿಲ್ಲದೆ ತೂಗುತ್ತದೆ. ಪ್ರತಿ ಸದ್ದಿನ ನಂತರ ಮುಂದಿನದಕ್ಕಾಗಿ ನಾವು ಕಾಯುತ್ತೇವೆ.

ಮೂರನೆಯದು, ಪಾಠ ಮಾಡುವವರಿಗೆ ಬಹಳ ಇಷ್ಟವಾಗಬೇಕಾದದ್ದು. ಲೋಲಕದ ಪಾರ ಕಡಿಮೆಯಾದರೂ ಆವರ್ತ ಕಾಲ ಹೆಚ್ಚುಕಡಿಮೆ ಬದಲಾಗದು. ತೂಗಿಬಿಟ್ಟ ಉಯ್ಯಾಲೆಯ ಸದ್ದು ಮೆಲ್ಲಗಾಗುತ್ತಾ ಹೋಗುತ್ತದೆ, ತಾಳ ಮಾತ್ರ ತಪ್ಪುವುದಿಲ್ಲ. ತೂಗಿದ ಕೈ ಈಗಿಲ್ಲ, ತೂಗಾಟ ಉಳಿದಿದೆ. ‘ಈಗಷ್ಟೇ ಇಲ್ಲೊಂದು ಮಗು ಆಡುತ್ತಿತ್ತು’ ಎಂದು ಯಾರೂ ಮಾತಿನಲ್ಲಿ ಹೇಳಬೇಕಾಗಿಲ್ಲ. ಅವಮಂದಿತ ಆಂದೋಲನಕ್ಕೆ ಇದಕ್ಕಿಂತ ಮನಮುಟ್ಟುವ ಉದಾಹರಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಗಬ್ಬರ್‌ನ ಪ್ರವೇಶದಲ್ಲೂ ಇದೇ ಜಿಪುಣತನವಿದೆ. ಮೊದಲು ಅವನ ಮುಖ ತೋರಿಸುವುದಿಲ್ಲ. ಬಂಡೆಯ ಮೇಲೆ ಅತ್ತಿತ್ತ ನಡೆಯುವ ಬೂಟು, ಕೈಯಿಂದ ಇಳಿಬಿಟ್ಟ ಬೆಲ್ಟಿನ ಲೋಹ ಗ್ರಾನೈಟಿಗೆ ಉಜ್ಜುವ ಸದ್ದು, ಇಷ್ಟೇ. ಮುಂದೆ ಹಳ್ಳಿಗೆ ಅಹ್ಮದನ ಶವ ಬಂದಾಗ ಇಡೀ ಊರು ಸ್ತಬ್ಧವಾಗುತ್ತದೆ. ಇಷ್ಟೊಂದು ಮೌನವೇಕೆ ಎಂದು ಕೇಳುವವರು ಆ ಹುಡುಗನ ತಂದೆ, ಕಣ್ಣು ಕಾಣದ ಇಮಾಂ ಸಾಹೇಬರು. ನೋಡಲಾಗದವರಿಗೆ ಮೊದಲು ‘ಕೇಳಿಸಿದ್ದು’ ಸದ್ದಿನ ಅಭಾವ. ಈ ಒಂದು ಕ್ಷಣವನ್ನು ಇಡೀ ಚಿತ್ರದ ಧ್ವನಿನೀತಿಯ ಸಾರವೆಂದು ಕರೆಯಬಹುದು.

19 ಹರ್ಟ್ಸ್‌ನ ಭೂತ

ಹಾಗಾದರೆ ಕೇಳಿಸದ ಸದ್ದಿನ ಕಥೆಯೇನು? ಅದರ ಮೂಲ 1998ರಲ್ಲಿ ಇಂಗ್ಲೆಂಡಿನ ವಿಕ್ ಟ್ಯಾಂಡಿ ಮತ್ತು ಟೋನಿ ಲಾರೆನ್ಸ್ ಪ್ರಕಟಿಸಿದ ಒಂದು ಲೇಖನ. ಭೂತವಿದೆ ಎಂದು ಹೆಸರಾಗಿದ್ದ ಪ್ರಯೋಗಾಲಯವೊಂದರಲ್ಲಿ ಗಾಳಿ ಹೊರದಬ್ಬುವ ಫ್ಯಾನಿನಿಂದ ಸುಮಾರು 19 ಹರ್ಟ್ಸ್‌ನ ಸ್ಥಾಯಿ ತರಂಗ ಏರ್ಪಟ್ಟಿತ್ತು. ಟ್ಯಾಂಡಿಯವರಿಗೆ ಅಲ್ಲಿ ಆದ ಕಸಿವಿಸಿಗೆ ಅದೇ ಕಾರಣವಿರಬಹುದೆಂಬುದು ಅವರ ಊಹೆ. ಕುತೂಹಲಕರ ಊಹೆ ನಿಜ. ಆದರೆ ಒಂದು ಕೋಣೆಯ ಅನುಭವವನ್ನು ‘ಭಯದ ಆವೃತ್ತಿ’ ಎಂಬ ನಿಯಮವಾಗಿಸಲು ಆಗುವುದಿಲ್ಲ.

ಅದಿರಲಿ, ಆ ಸದ್ದನ್ನು ಪ್ರೇಕ್ಷಕರಿಗೆ ತಲುಪಿಸುವುದಾದರೂ ಹೇಗೆ? 19 ಹರ್ಟ್ಸ್‌ನ ತರಂಗದೂರ 340 ÷ 19, ಸುಮಾರು 18 ಮೀಟರ್. 20 ಹರ್ಟ್ಸ್‌ನ ಸುತ್ತಮುತ್ತ ಶಬ್ದವೊಂದು ನಮ್ಮ ಅನುಭವಕ್ಕೆ ಬರಬೇಕಾದರೇ ಅದು 75-80 ಡೆಸಿಬೆಲ್ ಮಟ್ಟದಲ್ಲಿರಬೇಕು. ಅಷ್ಟನ್ನು ಹೊಮ್ಮಿಸಲು ಬಹಳಷ್ಟು ಗಾಳಿಯನ್ನು ತಳ್ಳಬಲ್ಲ ದೊಡ್ಡ ಸ್ಪೀಕರು ಬೇಕು. ನಮ್ಮ ಸಭಾಂಗಣದ ಸ್ಪೀಕರಿನಿಂದಲೂ ಮೊಬೈಲಿನಿಂದಲೂ ಅದು ಹೊರಬಂದೇ ಇಲ್ಲ. ವಿದ್ಯಾರ್ಥಿಗಳು ಅಳೆಯಬಹುದಾಗಿದ್ದ ಸಂಗತಿಯನ್ನು ಅಳೆಯದೆ ನಂಬಿದ್ದರು. ಚಿತ್ರ ಸೋತದ್ದಕ್ಕಿಂತ ನನಗೆ ಬೇಸರವಾದದ್ದು ಇದಕ್ಕೆ.

ಹಗಲಿನಲ್ಲೇ ಹೆದರಿಸುವ ಬೆಳಕು

ಪತ್ತೇದಾರಿ ಚಿತ್ರವೆಂದರೆ ಕತ್ತಲೆ, ಗೋಡೆಯ ಮೇಲೆ ಉದ್ದನೆಯ ನೆರಳು ಎಂಬುದು ರೂಢಿ. ‘ಶೋಲೆ’ಯ ಅತ್ಯಂತ ಭೀಕರ ದೃಶ್ಯಗಳು ನಡೆಯುವುದು ಬಟ್ಟಬಯಲಿನ ಹಗಲಿನಲ್ಲಿ. ಆ ಹಗಲುಗಳಲ್ಲೂ ಎರಡು ಬಗೆ.

ಗಬ್ಬರ್‌ನ ಅಡ್ಡೆಯದು ನೆತ್ತಿ ಸುಡುವ ಬಿಸಿಲು. ನೇರ ಬಿಸಿಲಿನ ದೀಪನ ಸುಮಾರು ಒಂದು ಲಕ್ಷ ಲಕ್ಸ್. ಸೂರ್ಯಬಿಂಬ ನಮ್ಮ ಕಣ್ಣಿಗೆ ಕೇವಲ ಅರ್ಧ ಡಿಗ್ರಿಯಷ್ಟು ಅಗಲ. ಇಷ್ಟು ಸಣ್ಣ ಆಕರದಿಂದ ಬೀಳುವ ನೆರಳಿನ ಅಂಚು ಹರಿತ: ಮೂರು ಮೀಟರ್ ದೂರದಲ್ಲಿ ಬಿದ್ದ ನೆರಳಿನ ಮಸುಕು ಅಂಚು ಮೂರು ಸೆಂ.ಮೀ.ಗಿಂತ ಕಡಿಮೆ. ಹುಬ್ಬಿನ ಕೆಳಗೆ, ಗಡ್ಡದ ಕೆಳಗೆ ಕಪ್ಪು ಗುಳಿಗಳು ಮೂಡುತ್ತವೆ. ಮರಗಳಿಲ್ಲದ ಬಂಡೆಯ ಮೇಲೆ ಸಾಲಾಗಿ ನಿಂತ ಮೂವರಿಗೆ ಅಡಗಲು ಒಂದು ಅಂಗೈಯಷ್ಟೂ ನೆರಳಿಲ್ಲ.

ಅಂಗಳದ ಹತ್ಯಾಕಾಂಡದ್ದು ಮೋಡದ ಬೆಳಕು. ಅದಕ್ಕಾಗಿ ತಂಡ ಮೋಡ ಕವಿಯುವುದನ್ನು ಕಾಯುತ್ತ ಕುಳಿತದ್ದು ಚಿತ್ರರಂಗದಲ್ಲಿ ಹೆಸರಾದ ಕಥೆ. ಮೋಡದ ಹನಿಗಳ ಗಾತ್ರ ಸಾಮಾನ್ಯವಾಗಿ 10 ಮೈಕ್ರೊಮೀಟರ್ ಸುಮಾರು. ಬೆಳಕಿನ ತರಂಗದೂರದ 20 ಪಟ್ಟು. ಹಾಗಾಗಿ ಅವು ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸುತ್ತವೆ. ಅರ್ಧ ಡಿಗ್ರಿಯ ಸೂರ್ಯನ ಬದಲು ಇಡೀ ಆಕಾಶವೇ ಬೂದು ಬಣ್ಣದ ದೀಪವಾಗುತ್ತದೆ. ನೆರಳು ಅಳಿಸಿಹೋಗುತ್ತದೆ. ನೆರಳಿಲ್ಲದ ಅಂಗಳದಲ್ಲಿ ಗಂಟೆ ಎಷ್ಟೆಂದು ತಿಳಿಯುವುದಿಲ್ಲ, ಸಮಯ ನಿಂತುಹೋದಂತೆ ಕಾಣುತ್ತದೆ. ಆಗ ಕಾಲವನ್ನು ಎಣಿಸುವ ವಸ್ತು ಒಂದೇ ಉಳಿಯುತ್ತದೆ: ಆ ಉಯ್ಯಾಲೆ. ಬೆಳಕೂ ಸದ್ದೂ ಇಲ್ಲಿ ಬೇರೆ ಬೇರೆ ಅಲಂಕಾರಗಳಲ್ಲ, ಒಂದೇ ಲೆಕ್ಕದ ಎರಡು ಸಾಲುಗಳು.

ಬೆಳಕಿನ ವಿಷಯದಲ್ಲಿ ಈ ತಂಡದ ತಾಳ್ಮೆಗೆ ಇನ್ನೊಂದು ಸಾಕ್ಷಿ ರಾಧಾಳ ದೀಪಗಳ ಎರಡು ಕಿರುದೃಶ್ಯಗಳು. ಅವಕ್ಕೆ 20 ದಿನ ಹಿಡಿಯಿತು. ಕಾರಣ ಸರಳ. ಆಕಾಶದ ಬೆಳಕೂ ದೀಪದ ಬೆಳಕೂ ಸರಿದೂಗುವುದು ಮುಸ್ಸಂಜೆಯ ಕೆಲವೇ ನಿಮಿಷಗಳಲ್ಲಿ. ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದ ರಾಮನಗರದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ ದಿಗಂತದಿಂದ 6 ಡಿಗ್ರಿ ಕೆಳಗಿಳಿಯಲು ಸುಮಾರು 22 ನಿಮಿಷ ಸಾಕು. ಲಂಡನ್ನಿನಲ್ಲಿ ಜೂನ್ ತಿಂಗಳಾದರೆ ಮುಕ್ಕಾಲು ಗಂಟೆ ಸಿಗುತ್ತದೆ. ನಮ್ಮ ಸಂಜೆಗೆ ಅಷ್ಟು ಪುರುಸೊತ್ತಿಲ್ಲ. ದಿನಕ್ಕೆ ಒಂದೋ ಎರಡೋ ಚಿತ್ರಿಕೆ, ಮತ್ತೆ ನಾಳೆ.

ಇಂದಿನ ಅಪರಾಧ ಚಿತ್ರಗಳು ಕತ್ತಲೆಯನ್ನು ಧಾರಾಳವಾಗಿ ಬಳಸುತ್ತವೆ. ಕತ್ತಲ ಚಿತ್ರಮಂದಿರದಲ್ಲಿ ಅದು ಸೊಗಸೇ. ಮನೆಯಲ್ಲಿ? ಒಂದು ಪರದೆಯ ಅತಿ ಬೆಳಗಿನ ಭಾಗ 400 ಮಾನ, ಅತಿ ಕಪ್ಪು ಭಾಗ 1 ಮಾನ ಎಂದಿಟ್ಟುಕೊಳ್ಳಿ. ಕಿಟಕಿಯ ಬೆಳಕು ಗಾಜಿನ ಮೇಲೆ ಪ್ರತಿಫಲಿಸಿ ಎಲ್ಲೆಡೆ 5 ಮಾನ ಸೇರಿಸಿತೆಂದರೆ ಅನುಪಾತ 405ಕ್ಕೆ 6 ಆಗುತ್ತದೆ. 400 ಪಟ್ಟಿನ ವ್ಯತ್ಯಾಸ 70 ಪಟ್ಟಿಗೂ ಕೆಳಗೆ ಇಳಿಯಿತು! ಕೊಲೆಗಾರ ನೆರಳಿನಲ್ಲಿ ನಿಂತಿದ್ದಾನೋ ಇಲ್ಲವೋ, ನಮಗೆ ಕಾಣುವುದು ನಮ್ಮದೇ ಮುಖದ ಪ್ರತಿಬಿಂಬ. ಕಾಣದಿರುವುದು ಬೇರೆ, ಬಚ್ಚಿಟ್ಟಿರುವುದು ಬೇರೆ. ಬಿಗುವು ಹುಟ್ಟುವುದು ಎರಡನೆಯದರಿಂದ ಮಾತ್ರ.

ಕ್ಯಾಮೆರಾ ತೋರಿಸದೆ ಬಿಟ್ಟದ್ದು

ಬಚ್ಚಿಡುವ ಕೆಲಸ ಕ್ಯಾಮೆರಾ ಮತ್ತು ಕತ್ತರಿಯದು. ಮೇಜಿನ ಕೆಳಗೆ ಬಾಂಬ್ ಇದೆಯೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ ಕಾತರ, ತಿಳಿಯದೆ ಸಿಡಿದರೆ ಬರೀ ಬೆಚ್ಚುವಿಕೆ ಎಂದು ಆಲ್‌ಫ್ರೆಡ್ ಹಿಚ್‌ಕಾಕ್ ವಿವರಿಸುತ್ತಿದ್ದರು. ಬೆಚ್ಚುವಿಕೆ ಕ್ಷಣಾರ್ಧದ ಪ್ರತಿವರ್ತನೆ. ಕಾತರಕ್ಕೆ ಮಾಹಿತಿಯೂ ಬೇಕು, ಸಮಯವೂ ಬೇಕು.

ಬಂಡೆಯ ಮೇಲೆ ಮೂವರು ಸಹಚರರನ್ನು ನಿಲ್ಲಿಸಿ ಗಬ್ಬರ್ ಆಡುವ ಆಟವನ್ನೇ ನೋಡಿ. ಆರು ಗುಂಡುಗಳ ರಿವಾಲ್ವರಿನಲ್ಲಿ ಮೂರನ್ನು ಗಾಳಿಗೆ ಹಾರಿಸುತ್ತಾನೆ. ಉಳಿದ ಮೂರಿರುವ ಉರುಳೆಯನ್ನು ತಿರುಗಿಸಿ ಒಬ್ಬೊಬ್ಬರ ತಲೆಗೂ ಗುರಿಯಿಡುತ್ತಾನೆ. ನಮಗೆ ಎಲ್ಲ ಮಾಹಿತಿಯೂ ಗೊತ್ತು: ಮೂರು ಗುಂಡು, ಮೂರು ಖಾಲಿ, ಮೂರು ತಲೆ. ಖಾಲಿ ಮನೆಗಳು ಒಂದರ ಪಕ್ಕ ಒಂದಿವೆ. ಮೊದಲನೆಯವನು ಉಳಿಯುವ ಸಂಭವನೀಯತೆ 1/2. ಅವನು ಉಳಿದರೆ ಎರಡನೆಯವನಿಗೆ 2/3. ಇಬ್ಬರೂ ಉಳಿದರೆ ಮೂರನೆಯವನಿಗೆ ಮತ್ತೆ 1/2. ಮೂವರೂ ಉಳಿಯುವ ಸಂಭವನೀಯತೆ ಇವುಗಳ ಗುಣಲಬ್ಧ, 1/6. ಸಂಭವನೀಯತೆಯ ಪಾಠ ಕೇಳದ ಪ್ರೇಕ್ಷಕನ ಎದೆಯೂ ಈ ಲೆಕ್ಕವನ್ನು ಹೇಗೋ ಮಾಡುತ್ತದೆ. ಪ್ರತಿ ಸಲ ಕೇಳಿಸುವುದು ‘ಟಿಕ್’ ಎಂಬ ಒಣ ಸದ್ದು. ಮೂವರೂ ಉಳಿದಾಗ ಗಬ್ಬರ್ ನಗುತ್ತಾನೆ, ಅವರೂ ನಗುತ್ತಾರೆ, ನಾವೂ ಉಸಿರು ಬಿಡುತ್ತೇವೆ. ಆಗ ಗುಂಡು ಹಾರುತ್ತದೆ. ಕಾತರ ಇಳಿದ ಮೇಲೆ ಬೆಚ್ಚುವಿಕೆ. ಎರಡನ್ನೂ ಬೇರೆ ಬೇರೆಯಾಗಿ ಬಳಸುವ ಹತೋಟಿ ಇದು.

ಅಹ್ಮದನ ಕೊಲೆಯ ದೃಶ್ಯದ ಚಿತ್ರೀಕರಣ 19 ದಿನ ನಡೆಯಿತು. 1975ರಲ್ಲಿ ತೆರೆಕಂಡ ಪ್ರತಿಯಲ್ಲಿ ನಾವು ಕಾಣುವುದು ಗಬ್ಬರ್‌ನ ತೋಳಿನ ಮೇಲೆ ಹರಿದು, ಅವನ ಪೆಟ್ಟಿಗೆ ಸಿಗುವ ಒಂದು ಕೀಟವನ್ನು. ಆಮೇಲೆ ಶವ ಹೊತ್ತು ಬರುವ ಕುದುರೆಯನ್ನು. ಠಾಕೂರರ ತೋಳುಗಳ ಮೇಲೆ ಖಡ್ಗ ಎದ್ದದ್ದು ಕಾಣುತ್ತದೆ, ಬಿದ್ದದ್ದು ಕಾಣುವುದಿಲ್ಲ. ಮಗುವಿನ ಸಾವು ಕಾಣುವುದಿಲ್ಲ. ಚಿತ್ರ ಅಲ್ಲಿಂದ ರೈಲಿಗೆ ಜಿಗಿಯುತ್ತದೆ. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ‘ಶೋಲೆ’ಗೆ ದಕ್ಕಿದ್ದು ಒಂದೇ, ಅದು ಶಿಂಧೆಯವರ ಸಂಕಲನಕ್ಕೆ. ಆ ಒಂದು ಸರಿಯಾದ ವಿಳಾಸಕ್ಕೇ ಹೋಗಿದೆ.

ವೇಗದ ದೃಶ್ಯಗಳಲ್ಲೂ ಕ್ಯಾಮೆರಾದ ಸ್ಥಾನವೇ ಮುಖ್ಯ. ಗಂಟೆಗೆ 30 ಕಿ.ಮೀ. ವೇಗದ ಟಾಂಗಾವನ್ನು 100 ಮೀಟರ್ ದೂರದಿಂದ ನೋಡಿದರೆ ಅದರ ಕೋನವೇಗ ಸೆಕೆಂಡಿಗೆ 5 ಡಿಗ್ರಿಯೂ ಇಲ್ಲ. 5 ಮೀಟರ್ ದೂರದಿಂದ ನೋಡಿದರೆ 95 ಡಿಗ್ರಿ, 20 ಪಟ್ಟು. ಬಸಂತಿ ಡಕಾಯಿತರಿಂದ ತಪ್ಪಿಸಿಕೊಳ್ಳುವ ಓಟದಲ್ಲಿ ದೂರದ ನೋಟಗಳ ನಡುವೆ ಗಾಲಿಯ, ಗೊರಸಿನ ಸಮೀಪ ನೋಟಗಳನ್ನು ಸೇರಿಸುವುದು ಇದಕ್ಕೇ. ಕುದುರೆಯ ವೇಗ ಅದೇ. ಓಡುವುದು ನಮ್ಮ ಕಣ್ಣು.

ಅದೇ ಕಲ್ಲು, ಇನ್ನೊಂದು ಸದ್ದು

ಇದೇ ಗ್ರಾನೈಟಿನ ಇನ್ನೊಂದು ದೈತ್ಯ ಬಂಡೆ ಮಾಗಡಿ ತಾಲ್ಲೂಕಿನ ಸಾವನದುರ್ಗ. ಇ.ಎಂ. ಫಾರ್‌ಸ್ಟರ್ ಅವರ 1924ರ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ ‘ಎ ಪ್ಯಾಸೇಜ್ ಟು ಇಂಡಿಯಾ’ದ ಮರಬಾರ್ ಗುಹೆಗಳಾಗಿ ಕಾಣುವುದು ಸಾವನದುರ್ಗ ಮತ್ತು ರಾಮದೇವರಬೆಟ್ಟದ ಬಂಡೆಗಳು. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಕೊರೆಸಿತು. ಇದು ಪತ್ತೇದಾರಿ ಚಿತ್ರವಲ್ಲ. ಆದರೂ ಕಥೆಯ ನಡುವೆ ಒಂದು ಆಪಾದಿತ ಅಪರಾಧ, ಒಂದು ನ್ಯಾಯಾಲಯ ಇದೆ. ಗುಹೆಯೊಳಗೆ ಏನಾಯಿತೆಂದು ನಾವು ಕಾಣುವುದಿಲ್ಲ. ಕೇಳಿಸುವುದು ಮಾರುದನಿ ಮಾತ್ರ.

‘ಶೋಲೆ’ ತೆರೆದ ಬಂಡೆಯ ಒಣ ಸದ್ದನ್ನು ಬಳಸಿದರೆ ಇಲ್ಲಿ ಮುಚ್ಚಿದ ಬಂಡೆಯ ಅನುರಣನ. ಕಾದಂಬರಿಯ ಗುಹೆಯ ವ್ಯಾಸ ಸುಮಾರು 20 ಅಡಿ. ಅದನ್ನು 3 ಮೀಟರ್ ತ್ರಿಜ್ಯದ ಅರ್ಧಗೋಳವೆಂದುಕೊಂಡರೆ ಘನಗಾತ್ರ 57 ಘನ ಮೀಟರ್, ಒಳಮೈ 85 ಚದರ ಮೀಟರ್. ನುಣುಪು ಕಲ್ಲು ತನ್ನ ಮೇಲೆ ಬಿದ್ದ ಶಬ್ದಶಕ್ತಿಯಲ್ಲಿ ಹೀರುವುದು ಹೆಚ್ಚೆಂದರೆ ನೂರಕ್ಕೆ ಎರಡು ಭಾಗ. ಬಾಗಿಲಿನ ಕಿಂಡಿಯನ್ನೂ ಸೇರಿಸಿ ಒಟ್ಟು ಹೀರಿಕೆ ಸುಮಾರು 3.1 ಚದರ ಮೀಟರ್. ಸೇಬಿನ್ ಸೂತ್ರದಂತೆ ಅನುರಣನ ಕಾಲ 0.16 × 57 ÷ 3.1, ಅಂದಾಜು 3 ಸೆಕೆಂಡು. ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಶಬ್ದ ಹೀರುತ್ತಾನೆ. ಹತ್ತು ಜನ ಹೊಕ್ಕರೆ ಅದು 1.1 ಸೆಕೆಂಡಿಗೆ ಇಳಿಯುತ್ತದೆ. ಒಬ್ಬಳೇ ಹೊಕ್ಕರೆ ಎರಡೂವರೆ ಸೆಕೆಂಡು. ಒಂಟಿಯಾಗಿರುವವರನ್ನು ಗುಹೆ ಹೆಚ್ಚು ಹೊತ್ತು ಕಾಡುತ್ತದೆ ಎಂಬುದು ಕವಿಯ ಮಾತಷ್ಟೇ ಅಲ್ಲ. ಮೂರು ಸೆಕೆಂಡಿನಲ್ಲಿ ಹತ್ತಾರು ಅಕ್ಷರಗಳು ಒಂದರ ಮೇಲೊಂದು ಬಿದ್ದು, ಆಡಿದ ಮಾತೆಲ್ಲ ಅರ್ಥ ಕಳೆದುಕೊಳ್ಳುತ್ತದೆ. ಇಲ್ಲಿ ಭಯಕ್ಕೆ ಕಾರಣ ಮೌನವಲ್ಲ, ಮೌನಕ್ಕೆ ಮರಳಲಾಗದಿರುವುದು.

ಮೆಚ್ಚಲಾಗದ್ದು

ಮೆಚ್ಚಿದೆನೆಂದು ಕುಂದುಗಳನ್ನು ಮರೆಯಬೇಕಿಲ್ಲ. ‘ಶೋಲೆ’ಯ ಹೊಡೆದಾಟಗಳಲ್ಲಿ ಮುಷ್ಟಿಯ ಸದ್ದಿಗೂ ಮುಷ್ಟಿಗೂ ಸಂಬಂಧವಿಲ್ಲ. ಜೈಲಿನ ಹಾಸ್ಯ ಪ್ರಸಂಗಗಳು ಸೊಗಸಾಗಿದ್ದರೂ ಕಟ್ಟಿದ ಬಿಗುವನ್ನು ಬಹಳ ಹೊತ್ತು ಸಡಿಲಿಸುತ್ತವೆ. ಇನ್ನು, ಬಹುತೇಕ ಚಿತ್ರಗಳಂತೆ ಇಲ್ಲೂ ದೂರದ ಬಂಡೆಯಿಂದ ಹಾರಿದ ಗುಂಡಿನ ಹೊಗೆಯೂ ಸದ್ದೂ ಒಟ್ಟಿಗೇ ಬರುತ್ತವೆ. 340 ಮೀಟರ್ ದೂರವಿದ್ದರೆ ಸದ್ದು ಒಂದು ಸೆಕೆಂಡು ತಡವಾಗಬೇಕು. ಹೊಗೆ ಕಂಡು ಸದ್ದು ಬಾರದ ಆ ಒಂದು ಸೆಕೆಂಡು ಎಂಥ ಕಾತರದ ಸೆಕೆಂಡು ಆಗಬಹುದಿತ್ತು! ಭೌತವಿಜ್ಞಾನ ಪುಕ್ಕಟೆಯಾಗಿ ಕೊಟ್ಟದ್ದನ್ನು ಚಿತ್ರರಂಗ ಬೇಡವೆಂದಿದೆ.

ನಮ್ಮ ಕನ್ನಡದಲ್ಲೂ ಈ ಜಿಪುಣತನದ ಪರಂಪರೆ ಇದೆ. ಕಾಶಿನಾಥರ ‘ಅಪರಿಚಿತ’ (1978), ಅಗಾಥಾ ಕ್ರಿಸ್ಟಿಯ ನಾಟಕದಿಂದ ಪ್ರೇರಿತವಾದ ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989), ಮೇಲ್ಸೇತುವೆಯ ಮೇಲೆ ಸರಿಸಿಟ್ಟ ಸಾಮಾನ್ಯ ಕಲ್ಲುಗಳನ್ನೇ ಸುಳಿವಾಗಿಸಿದ ಪವನ್ ಕುಮಾರ್ ಅವರ ‘ಯು ಟರ್ನ್’ (2016) ನೆನಪಿಗೆ ಬರುತ್ತವೆ. ಆದರೆ ಟಿ.ವಿ.ಯ ಅಪರಾಧ ಕಾರ್ಯಕ್ರಮಗಳು ಬಾಗಿಲು ತೆರೆದರೂ ಸಿಡಿಲು, ಫೋನು ಎತ್ತಿದರೂ ಸಿಡಿಲು ಎಂಬ ಅಭ್ಯಾಸ ಹಿಡಿಸಿವೆ. ನಮ್ಮ ಮಕ್ಕಳು ಚಿತ್ರಭಾಷೆ ಕಲಿಯುತ್ತಿರುವುದು ಅಲ್ಲಿಂದ.

‘ಶೋಲೆ’ಯ ಮರುಜೋಡಿಸಿದ ಪ್ರತಿ, ಠಾಕೂರರೇ ಗಬ್ಬರ್‌ನನ್ನು ಕೊಲ್ಲುವ ಮೂಲ ಅಂತ್ಯದೊಂದಿಗೆ, 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನಗೊಂಡಿತು. ಅಂತ್ಯ ಬದಲಾದರೇನು, ಉಳಿದರೇನು? ಉಯ್ಯಾಲೆ ಇದ್ದಲ್ಲೇ ಇದೆ.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರಿಗೆ ಎರಡು ಸಲಹೆ. ಒಂದು, ಜರ್ಮನಿಯ ಆಕೆನ್ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ‘ಫೈಫಾಕ್ಸ್’ ಎಂಬ ಉಚಿತ ಮೊಬೈಲ್ ತಂತ್ರಾಂಶದಿಂದ ಶಾಲೆಯ ಉಯ್ಯಾಲೆಯ ಅಥವಾ ಗೇಟಿನ ಕಿರುಗುಟ್ಟುವಿಕೆಯ ಆವೃತ್ತಿ ರೋಹಿತವನ್ನು ವಿದ್ಯಾರ್ಥಿಗಳೇ ದಾಖಲಿಸಲಿ. ಉಯ್ಯಾಲೆಯ ಆವರ್ತ ಕಾಲ ಸೂತ್ರಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಲಿ. ಎರಡು, ಯಾವುದಾದರೂ ಪತ್ತೇದಾರಿ ಚಿತ್ರದ ಎರಡು ನಿಮಿಷವನ್ನು ಮೊದಲು ಸದ್ದಿಲ್ಲದೆ ನೋಡಿ, ಆಮೇಲೆ ಕಣ್ಣುಮುಚ್ಚಿ ಕೇಳಿ. ಬಿಗುವು ಯಾವುದರಲ್ಲಿ ಉಳಿಯಿತು, ಯಾವುದರಲ್ಲಿ ಕರಗಿತು ಎಂದು ಬರೆಯಲು ಹೇಳಿ. ಉತ್ತರಗಳು ಒಂದೇ ಆಗಿರುವುದಿಲ್ಲ. ಚರ್ಚೆ ಅಲ್ಲಿಂದಲೇ ಹುಟ್ಟುತ್ತದೆ.

ನಮ್ಮ ನಾಲ್ವರು ಹುಡುಗರು ತಮ್ಮ ಚಿತ್ರವನ್ನು ಮತ್ತೆ ಕತ್ತರಿಸಿದರು. ‘ಗೂಂ’ ಸದ್ದನ್ನು ಪೂರ್ತಿ ತೆಗೆದರು. 19 ಹರ್ಟ್ಸ್‌ನ ಭೂತವನ್ನೂ ಬಿಟ್ಟರು. ಕತ್ತಲ ದೃಶ್ಯಗಳಲ್ಲಿ ಅರ್ಧದಷ್ಟನ್ನು ಬೆಳಗಿನ ಹೊತ್ತು ಮತ್ತೆ ತೆಗೆದರು. ಉಳಿಸಿಕೊಂಡ ಸದ್ದು ಒಂದೇ: ಯಾರೂ ಇಲ್ಲದ ಶೆಡ್ಡಿನಲ್ಲಿ ತಾನಾಗಿ ತಿರುಗುವ ರಾಟೆಯ ‘ಕಿರ್, ಕಿರ್’. ಹೊಸ ಪ್ರತಿಯನ್ನು ಅದೇ ಸಭಾಂಗಣದಲ್ಲಿ, ಅದೇ ಸ್ಪೀಕರಿನಲ್ಲಿ ತೋರಿಸಿದೆವು. ಯಾರೂ ನಗಲಿಲ್ಲ. ರಾಟೆ ನಿಂತಾಗ ಮೂರನೇ ಸಾಲಿನ ಹುಡುಗಿಯೊಬ್ಬಳು ಮೆಲ್ಲನೆ ಹಿಂದಿರುಗಿ ನೋಡಿದಳು.